ಮಹಾನಂದಾಳಿಗೆ ಬೇಕಿದ್ದ ರೈಲು

ನನ್ನ ಖಾನಾವಳಿಗೆ ನಮ್ಮೂರಿನವರು ಒಬ್ಬೊಬ್ಬರೇ ಊಟಕ್ಕೆ ಬರುವುದಿಲ್ಲ, ಜೋಡಿಯಾಗಿಯೇ ಬರುತ್ತಾರೆ. ಕಿರಾಣಿ ಅಂಗಡಿಯ ಅಂದಾನಪ್ಪ ಶೆಟ್ಟರ ತಾಟಿನಲ್ಲಿ ರೊಟ್ಟಿ ಮುಗಿದರೆ ಎದುರಿಗೆ ಕೂತ ಗದಿಗೆಪ್ಪ ಮಾಸ್ತರರು, "ಸುಗಂಧಾ, ಅಂದಾನಪ್ಪಗ ಇನ್ನೊಂದು ರೊಟ್ಟಿ ಹಾಕವ್ವಾ" ಎನ್ನುತ್ತಾರೆ. ಮಾಸ್ತರರ ಬದನೆಕಾಯಿ ಪಲ್ಯ ಮುಗಿದರೆ ಶೆಟ್ಟರು ಕೂಗುತ್ತಾರೆ. ಒಂದು ದಿನ ಇಬ್ಬರಿಗೂ ಮಾತು ಬೆಳೆದು ಮುಖ ತಿರುಗಿಸಿ ಕೂತರು, ಇಬ್ಬರೂ ಖಾಲಿ ತಾಟು ನೋಡುತ್ತ ಅರ್ಧ ಹೊಟ್ಟೆಯಲ್ಲಿ ಎದ್ದರು. ನಾನಾಗಿಯೇ ಬಡಿಸಬಹುದಿತ್ತು, ನಿಜ. ಬಡಿಸಲಿಲ್ಲ. ಇವರ ಸಿಟ್ಟು ಎಷ್ಟು ಹೊತ್ತು ಹಸಿವು ತಾಳುತ್ತದೆ ನೋಡಿಯೇ ಬಿಡೋಣ ಅನಿಸಿತು. ನಾನು ಅಂಥವಳೇ.

ನಮ್ಮೂರಲ್ಲಿ ಯಾರಿಗೂ ತಮಗಾಗಿ ಏನನ್ನೂ ಕೇಳಿಕೊಳ್ಳಲು ಬರುವುದಿಲ್ಲ. ಕೇಳಬಾರದೆಂದು ಯಾರೂ ಕಟ್ಟು ಮಾಡಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. ಬರೆದು ಕೇಳೋಣವೆಂದರೆ ಪೆನ್ನು ಓಡುವುದಿಲ್ಲ, ಸನ್ನೆ ಮಾಡೋಣವೆಂದರೆ ಕೈ ಏಳುವುದಿಲ್ಲ. ಊರು ಬಿಟ್ಟು ಹೋದರೂ ಇದು ನಮ್ಮನ್ನು ಬಿಡುವುದಿಲ್ಲ. ಆದರೆ ಬೇರೆಯವರಿಗಾಗಿ ಎಷ್ಟು ಬೇಕಾದರೂ ಕೇಳಬಹುದು, ಜಗಳ ಮಾಡಿ ಬೇಕಾದರೂ ಕೇಳಬಹುದು. ಅದಕ್ಕೇ ನಮ್ಮಲ್ಲಿ ಮಕ್ಕಳ ಹಾಲುಹಲ್ಲು ಬಿದ್ದ ಕೂಡಲೇ ಇಬ್ಬಿಬ್ಬರನ್ನು ಒಂದೇ ತಾಟಿನಲ್ಲಿ ಉಣ್ಣಲು ಕೂರಿಸಿ ಬಾಯಿಜೋಡಿ ಮಾಡಿಬಿಡುತ್ತಾರೆ. ಅಂದಿನಿಂದ ನಿನಗೆ ಬೇಕಾದದ್ದನ್ನು ಆಕೆ ಕೇಳಬೇಕು, ಆಕೆಗೆ ಬೇಕಾದದ್ದನ್ನು ನೀನು. ಒಬ್ಬರ ಬಾಯಿಜೋಡಿ ಪರಊರಿಗೆ ಹೋದರೆ ಆ ಮನೆಯಲ್ಲಿ ಚಹಾಪುಡಿ ಮುಗಿದರೂ ತರುವ ದಾರಿ ಇಲ್ಲ, ಬಿಸಿನೀರು ಕುಡಿದುಕೊಂಡು ಕೂರುತ್ತಾರೆ.

ಕ್ಷಮೆ ಕೇಳುವುದೂ ಹೀಗೆಯೇ. ಅದೂ ಕೇಳಿಕೊಳ್ಳುವುದೇ ಅಲ್ಲವೇ? ಅಂದಾನಪ್ಪ ಶೆಟ್ಟರು ಹೆಂಡತಿಯ ಮೇಲೆ ಹಾರಾಡಿದಾಗಲೆಲ್ಲ ಪಾಪ ಗದಿಗೆಪ್ಪ ಮಾಸ್ತರರು ಕೊಡೆ ಹಿಡಿದುಕೊಂಡು ಅವರ ಮನೆಗೆ ಹೋಗಬೇಕು. ತಪ್ಪು ಮಾಡಿಸಿಕೊಂಡವರು ಕೂರಬೇಕು, ಕೇಳಲು ಬಂದವರು ನಿಲ್ಲಬೇಕು, ಅದು ಪದ್ಧತಿ. ಮಾಸ್ತರರು ನಿಂತುಕೊಂಡು, "ತಂಗೀ, ಇವಂದು ತಪ್ಪಾತಂತ, ಹೊಟ್ಟ್ಯಾಗ ಹಾಕ್ಕೋ" ಎನ್ನುತ್ತಾರೆ. ಆಕೆ ಕೂತಲ್ಲಿಂದಲೇ, "ಏನ್ರೀ ಮಾಸ್ತರ, ವಾರಕ್ಕೊಮ್ಮೆ ಬರ್ತೀರಲ್ಲ, ನಿಮಗ ಬ್ಯಾಸರಿಲ್ಲೇನು?" ಎಂದು ಇವರಿಗೇ ಬೈದು ಚಹಾ ಕೊಟ್ಟು ಕಳಿಸುತ್ತಾಳೆ.

ನನ್ನ ಬಾಯಿಜೋಡಿ ಮಹಾನಂದಾ. ಹಳೆ ಸೀರೆಗಳ ಕೌದಿ ಹೊಲಿದು ಜೀವನ ಮಾಡುವವಳು. ನನ್ನ ಗಂಡ ಸತ್ತು ನಾನು ದಿಕ್ಕು ತೋಚದೆ ಕೂತಿದ್ದಾಗ, ಸ್ಟೇಶನ್ ಎದುರಿನ ತಗಡಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಡಿ ಎಂದು ಶೆಟ್ಟರ ಬೆನ್ನು ಬಿದ್ದವಳು ಆಕೆ. ಕೊಡುವುದಿಲ್ಲ ಎಂದರೆ ಅವರ ಅಂಗಡಿಯ ಮೆಟ್ಟಿಲ ಮೇಲೆಯೇ ಕೌದಿ ಹರವಿಕೊಂಡು ಹೊಲಿಯುತ್ತ ಕೂತಳು. ಗಿರಾಕಿಗಳು ಕೌದಿ ದಾಟಿ ಒಳಗೆ ಹೋಗಲಾರದೆ ತಿರುಗಿ ಹೋದರು. ಶೆಟ್ಟರು ಕೀಲಿ ತಂದು ಆಕೆಯ ಉಡಿಗೆ ಹಾಕಿದರು. ನನ್ನ ಒಲೆ ಹೊತ್ತಿದ್ದು ಹಾಗೆ.

ಆಕೆಯ ಮಗ ಶಿವಪುತ್ರ ಜಿಲ್ಲೆಯ ಜೈಲಿನಲ್ಲಿದ್ದಾನೆ. ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ನಳದ ನೀರಿನ ಪಾಳಿಯಲ್ಲಿ ಜಗಳ ಬಿತ್ತು, ಕೈಯಲ್ಲಿದ್ದ ಕೊಡ ಬೀಸಿದ, ಆ ಮನುಷ್ಯ ಮತ್ತೆ ಏಳಲಿಲ್ಲ. ಇಷ್ಟನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ, ಆದರೆ ಊರಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಆಡುವುದಿಲ್ಲ. ಗುರುವಾರ ಜೈಲಿನಲ್ಲಿ ಭೇಟಿಗೆ ಬಿಡುವ ದಿನ. ಅಂದು ಆಕೆ ಕಾಣದಿದ್ದರೆ "ಮಹಾನಂದಾ ಊರಿಗೆ ಹೋಗ್ಯಾಳ" ಎನ್ನುತ್ತೇವೆ. ಯಾವ ಊರು, ಯಾಕೆ, ಯಾರೂ ಕೇಳುವುದಿಲ್ಲ. ಮರ್ಯಾದೆ ನೋಡಿ ನಮ್ಮದು!

ಭೇಟಿಯ ಹೊತ್ತು ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಸುಕಿನ ಪ್ಯಾಸೆಂಜರ್ ಗಾಡಿ ಹಿಡಿದರೆ ಮಾತ್ರ ಆ ಹೊತ್ತಿಗೆ ಮುಟ್ಟಲು ಸಾಧ್ಯ. ರೈಲು ಹೊಳೆಯ ಮೇಲಿನ ಸೇತುವೆ ದಾಟಿ ನೆಟ್ಟಗೆ ಹೋಗುತ್ತದೆ, ಬಸ್ಸು ಹೊಳೆ ಸುತ್ತಿಕೊಂಡು ಹತ್ತೂರು ಹೊಕ್ಕು ಹೋಗುತ್ತದೆ. ಟಿಕೆಟ್ ಆಕೆ ಕೇಳುವಂತಿಲ್ಲವಲ್ಲ, ಅದಕ್ಕೆ ಪ್ರತಿ ಗುರುವಾರ ನಾನೇ ಕಿಟಕಿಗೆ ಹೋಗಿ, "ಮಹಾನಂದಾಗ ಹೋಗಿಬರಾಕ ಒಂದು ಟಿಕೆಟ್ ಕೊಡ್ರಿ" ಎನ್ನುತ್ತಿದ್ದೆ. ಎಲ್ಲಿಗೆ ಎಂದು ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದೆ. ಆಕೆ ಇದ್ದದ್ದರಲ್ಲಿ ಒಳ್ಳೆಯ ಕೆಂಪು ದಡಿಯ ಸೀರೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟವಳಂತೆ ಗಾಡಿ ಹತ್ತುತ್ತಿದ್ದಳು. ಜೈಲಿನ ಬಾಗಿಲಲ್ಲಿ ಏನೆಂದು ಕೇಳುತ್ತೀ ಎಂದು ಒಮ್ಮೆ ವಿಚಾರಿಸಿದ್ದೆ. "ಒಳಗ ಶಿವಪುತ್ರ ಅಂತ ಒಬ್ಬಾಂವ ಅದಾನ್ರೀ, ಅಂವಗ ಅವರವ್ವನ್ನ ನೋಡೂದೈತಿ, ಬಿಡ್ರಿ ಅಂತೀನಿ. ಮಗನ ಸಲುವಾಗಿ ಕೇಳಿದ್ರ ಬಾಯಿ ಬರತೈತಿ" ಎಂದು ನಕ್ಕಿದ್ದಳು.

ಈ ಪ್ಯಾಸೆಂಜರ್ ಗಾಡಿಯನ್ನೇ ನಿಲ್ಲಿಸುತ್ತಾರೆಂಬ ಸುದ್ದಿ ಬಂತು. ಇಂಥ ಗಾಡಿಗಳಿಗೆ ಸರ್ಕಾರದವರು ಕೊಡುತ್ತಿದ್ದ ಹಣ ಇನ್ನು ಕೊಡುವುದಿಲ್ಲವಂತೆ, ಟಿಕೆಟ್ಟಿನಿಂದ ಬರುವುದು ಎಣ್ಣೆಗೂ ಸಾಲುವುದಿಲ್ಲವಂತೆ. ಗದಿಗೆಪ್ಪ ಮಾಸ್ತರರು ಸಮುದಾಯ ಭವನದಲ್ಲಿ ಸಭೆ ಕರೆದರು. "ನೋಡ್ರಿ, ಎಂ.ಪಿ. ಸಾಹೇಬ್ರು ಮ್ಯಾಲ ಕುಂತು ನಮಗ ಹಣಾ ಕೇಳಬೇಕಂದ್ರ ಅವರ ಕೈಯಾಗ ನಮ್ಮ ಪತ್ರ ಇರಬೇಕು. ಒಂದ ಕಾಗದಕ್ಕ ಎಲ್ಲಾರೂ ಸಹಿ ಮಾಡಿದ್ರ ಅದನ್ನ ಯಾರೂ ಓದಂಗಿಲ್ಲ. ಒಬ್ಬೊಬ್ಬರೂ ಕೈಲೆ ಬರೀರಿ. ಬ್ಯಾರೆ ಊರಾಗ 'ನನಗ ರೈಲು ಯಾಕ ಬೇಕು' ಅಂತ ಬರೀತಾರ. ನಮಗಂತೂ ಅದು ಬರಂಗಿಲ್ಲ. ನಿಮ್ಮ ನಿಮ್ಮ ಬಾಯಿಜೋಡಿಗೆ ಯಾಕ ಬೇಕು, ಅದನ್ನ ಬರೀರಿ" ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಎಂ.ಪಿ. ತಾವೇ ಬಂದು ಪತ್ರ ತೆಗೆದುಕೊಳ್ಳುತ್ತಾರೆ, ಕೆಲವನ್ನು ವೇದಿಕೆಯ ಮೇಲೆ ಓದುತ್ತಾರೆ, ಪೇಪರಿನವರೂ ಬರುತ್ತಾರೆ.

ಮಾರನೆಯ ದಿನ ಊಟದ ಗದ್ದಲ ಮುಗಿದ ಮೇಲೆ ಕಾಗದ ಹಿಡಿದು ಕೂತೆ. "ನನ್ನ ಬಾಯಿಜೋಡಿ ಮಹಾನಂದಾ" ಎಂದು ಶುರುಮಾಡಿದೆ. ಪೆನ್ನು ಸರಸರ ಓಡಿತು. ಕೌದಿ ಹೊಲಿಯುತ್ತಾಳೆ ಎಂದು ಬರೆದೆ, ಪ್ರತಿ ಗುರುವಾರ ನಸುಕಿನ ಗಾಡಿಗೆ ಹೋಗುತ್ತಾಳೆ ಎಂದು ಬರೆದೆ. ಮುಂದಿನದು ಜೈಲು ಎಂಬ ಮಾತು. ಅಲ್ಲಿ ನಿಂತೆ. ಪೆನ್ನು ನಿಲ್ಲಲಿಲ್ಲ ಮತ್ತೆ, ನಿಂತವಳು ನಾನು. ಇದನ್ನು ವೇದಿಕೆಯ ಮೇಲೆ ಮೈಕಿನಲ್ಲಿ ಓದಿದರೆ ಮಹಾನಂದಾಳ ಮಾನ ಏನಾಗಬೇಕು ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಬರೀ ನೆವ. ಖರೆ ಮಾತೆಂದರೆ, "ಸುಗಂಧಾನ ಬಾಯಿಜೋಡಿ ಕೊಲೆಗಾರನ ಅವ್ವ" ಎಂದು ಪರಊರಿನ ಮಂದಿ, ಪೇಪರಿನವರು, ಎಂ.ಪಿ. ಎಲ್ಲರ ಮುಂದೆ ಆಗುವುದು ನನಗೆ ಬೇಡವಾಗಿತ್ತು. ನನ್ನ ಖಾನಾವಳಿಯ ಹೆಸರು ಅದರ ಜೊತೆ ಬರುವುದು ಬೇಡವಾಗಿತ್ತು. ಬರೆದದ್ದನ್ನು ಹರಿದು ಒಲೆಗೆ ಹಾಕಿದೆ. ಹೊಸ ಹಾಳೆಯಲ್ಲಿ, ನಮ್ಮೂರ ಹೆಣ್ಣುಮಕ್ಕಳು ಕಾಲೇಜಿಗೆ ಹೋಗಲು, ವಯಸ್ಸಾದವರು ದೇವರ ದರ್ಶನಕ್ಕೆ ಹೋಗಲು, ಬಸುರಿ ಬಾಣಂತಿಯರು ಆಸ್ಪತ್ರೆಗೆ ಹೋಗಲು ರೈಲು ಅತ್ಯಗತ್ಯ ಎಂದು ಚೆಂದಗೆ ಬರೆದೆ. ಓದಿ ನೋಡಿದರೆ ನನಗೇ ಹೆಮ್ಮೆ ಅನಿಸಿತು. ಥೂ!

ಸಂಜೆ ಮಹಾನಂದಾ ಬಂದಳು. ಒಂದು ಕೌದಿಯ ಅಂಚು ಹಿಡಿದು ದಾರ ಕಡಿಯುತ್ತ, ತಲೆ ಎತ್ತದೆ, "ಬರದಿ?" ಎಂದಳು.

"ಬರದೆ" ಎಂದೆ.

"ನಾನೂ ಬರದೆ" ಎಂದಳು. ಆಮೇಲೆ ಶೆಟ್ಟರ ಅಂಗಡಿಗೆ ಹೋಗಿ ನನಗಾಗಿ ಜೋಳ ಕೇಳಿಕೊಂಡು ಬಂದಳು. ಕಲ್ಲಿದ್ದ ಜೋಳ ಕೊಟ್ಟಿದ್ದಕ್ಕೆ ಶೆಟ್ಟರ ಜೊತೆ ಜಗಳವನ್ನೂ ಆಡಿ ಬಂದಿದ್ದಳು.

ಎಂ.ಪಿ. ಬಂದ ದಿನ ಸಮುದಾಯ ಭವನ ತುಂಬಿತ್ತು. ಎಂ.ಪಿ. ಹೊರಗಿನವರು, ನಮ್ಮ ಬಾಯಿಯ ಕಥೆ ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಳ್ಳೆಯ ಮನುಷ್ಯನೇ, ಹಾಗೆ ನೋಡಿದರೆ. ಪತ್ರಗಳ ಕಟ್ಟು ಬಿಚ್ಚಿ ಒಂದೊಂದನ್ನೇ ಓದತೊಡಗಿದರು. ಮೊದಲನೆಯದರಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ದೇವರ ದರ್ಶನ, ಬಸುರಿ ಬಾಣಂತಿ. ಎರಡನೆಯದರಲ್ಲೂ ಅವೇ. ಅಂದಾನಪ್ಪ ಶೆಟ್ಟರದೂ ಅದೇ, ನನ್ನದೂ ಅದೇ. ಇಡೀ ಊರು ಕೂಡಿ ಮಾತಾಡಿಕೊಂಡಂತೆ, ಹೇಳಲು ನಾಚಿಕೆಯಾಗುವುದನ್ನೆಲ್ಲ ಬಿಟ್ಟು ಮಿಕ್ಕದ್ದನ್ನು ಬರೆದಿದ್ದೆವು. ಕುಡಿಯುವ ಚಟ ಬಿಡಿಸಲು ತಮ್ಮನನ್ನು ಕರೆದೊಯ್ಯುವವರು, ಕೋರ್ಟಿನ ತಾರೀಕಿಗೆ ಹೋಗುವವರು, ಯಾರ ಬಾಯಿಜೋಡಿಯೂ ಅದನ್ನು ಬರೆದಿರಲಿಲ್ಲ. ಎಂ.ಪಿ. ಕನ್ನಡಕ ತೆಗೆದು, "ಅಲ್ಲಾ, ಯಾವ ಹೆಣ್ಣುಮಗಳು? ಹೆಸರೇನು? ಒಂದರಲ್ಲಾದರೂ ಒಬ್ಬರ ಹೆಸರಿದೆಯಾ?" ಎಂದರು. ಅವರು ಕಟ್ಟಿನ ತಳದಿಂದ ಒಂದು ಹಾಳೆ ಎಳೆದರು. ಎರಡು ಸಾಲು ಮನಸ್ಸಿನಲ್ಲೇ ಓದಿಕೊಂಡವರು ಮೈಕ್ ಹತ್ತಿರ ಎಳೆದುಕೊಂಡರು.

"ಎಂ.ಪಿ. ಸಾಹೇಬರಿಗೆ ಮಹಾನಂದಾ ಮಾಡುವ ನಮಸ್ಕಾರ. ನನ್ನ ಬಾಯಿಜೋಡಿ ಸುಗಂಧಾ ಸ್ಟೇಶನ್ ಎದುರಿಗೆ ಖಾನಾವಳಿ ಇಟ್ಟಾಳ. ಆಕಿ ರೊಟ್ಟಿ ಒಮ್ಮೆ ಉಂಡವರು ಮತ್ತ ಬರತಾರ. ಆದರ ಬರೋ ಮಂದೀನ ಕಡಿಮಿ. ನಸುಕಿನ ಗಾಡಿ ಬಂದಾಗ ಆಕಿ ಒಲಿ ಹಚ್ಚಿರೂದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಗಾಡಿ ಬಂದು ತುಸು ನಿಂತರ ಆಕಿ ಬಾಳೇವು ನೆಟ್ಟಗಾಗತೈತಿ. ಗಂಡ ಸತ್ತಮ್ಯಾಲ ಆಕಿ ಬಿಸಿ ರೊಟ್ಟಿ ಉಂಡದ್ದು ನಾ ನೋಡಿಲ್ಲ. ಎಲ್ಲಾರೂ ಉಂಡು ಹೋದಮ್ಯಾಲ ತಣ್ಣಗಿಂದು ಉಣತಾಳ. ಆಕಿಗೆ ಕೇಳಾಕ ಬರಂಗಿಲ್ಲ. ಅದಕ್ಕ ನಾ ಕೇಳಾಕತ್ತೀನಿ."

ಎಂ.ಪಿ. ಆ ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು, ಉಳಿದವನ್ನು ಪಕ್ಕಕ್ಕೆ ಸರಿಸಿದರು. "ಇದು ನೋಡಿ ಪತ್ರ! ಇದನ್ನು ಹಿಡ್ಕೊಂಡು ನಾನು ಎಲ್ಲಿ ಬೇಕಾದರೂ ಹೋಗಿ ಹಣ ಕೇಳ್ತೀನಿ. ಆದರೆ ಒಂದು ಮಾತು. ಎರಡು ಗಾಡಿಗೆ ಹಣ ಹುಟ್ಟೋದಿಲ್ಲ. ಇರೋ ಒಂದನ್ನೇ ಮಧ್ಯಾಹ್ನಕ್ಕೆ ತರೋಣ. ಕಾಲೇಜಿಗೆ ಬಸ್ಸಿದೆ, ದೇವಸ್ಥಾನಕ್ಕೆಲ್ಲ ಯಾವ ಹೊತ್ತಾದರೂ ನಡೆಯುತ್ತೆ. ನಸುಕಿನ ಗಾಡಿಯೇ ಬೇಕು ಅನ್ನೋರು ಯಾರಾದರೂ ಇದ್ದೀರಾ? ಇದ್ದರೆ ಈಗಲೇ ಹೇಳಿ."

ಮಹಾನಂದಾ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ನನ್ನತ್ತ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಅಂಗಡಿಯ ಮುಂದೆ ನಿಂತು, ಈಗ ಇವಳು ನನಗೆ ಉಪ್ಪು ಕೇಳುತ್ತಾಳೆ ಎಂದು ಕಾಯುತ್ತಾರಲ್ಲ, ಹಾಗೆ ನೋಡಿದಳು. ನಾನು ಎದ್ದು ನಿಲ್ಲಬೇಕಿತ್ತು, ಅಷ್ಟೇ. "ಮಹಾನಂದಾಗ ಬೇಕ್ರಿ" ಅಂದಿದ್ದರೆ ಸಾಕಿತ್ತು. ನಾಲಿಗೆ ಅಂಟಿರಲಿಲ್ಲ. ಇವತ್ತಿಗೂ ಅದನ್ನೇ ನೆನೆಯುತ್ತೇನೆ, ನನ್ನ ಬಾಯಿ ಅಂದು ಸಲೀಸಾಗಿತ್ತು, ಬೇಕಾದಷ್ಟು ಮಾತಾಡಬಹುದಿತ್ತು. ಆದರೆ ಯಾಕೆ ಎಂದು ಕೇಳಿದರೆ? ಮೈಕಿನ ಮುಂದೆ, ಪೇಪರಿನವರ ಮುಂದೆ, ಜೈಲಿಗೆ ಎನ್ನಬೇಕಲ್ಲ? ನಾನು ನೆಲದ ಜಮಖಾನೆಯ ಹರಿದ ಅಂಚನ್ನು ಬೆರಳಿನಿಂದ ಸುತ್ತುತ್ತ ಕೂತೆ.

"ಸರಿ ಹಾಗಾದರೆ. ಈ ಸುಗಂಧಾ ಅನ್ನೋರು ಯಾರು? ಮುಂದೆ ಬನ್ನಿ ತಾಯಿ" ಎಂದರು ಎಂ.ಪಿ. ಜನ ನನ್ನನ್ನು ಹಿಡಿದು ಎಬ್ಬಿಸಿದರು. ಅವರಿಗೆ ಹಾಕಿದ್ದ ಹಾರವನ್ನೇ ತೆಗೆದು ಗದಿಗೆಪ್ಪ ಮಾಸ್ತರರ ಕೈಯಿಂದ ನನ್ನ ಕೊರಳಿಗೆ ಹಾಕಿಸಿದರು. ಚಪ್ಪಾಳೆ ಬಿತ್ತು. ಮಹಾನಂದಾಳೂ ಚಪ್ಪಾಳೆ ತಟ್ಟುತ್ತಿದ್ದಳು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ಸಂತೋಷವೂ ಆಗಿತ್ತು, ಮಾರನೆಯ ದಿನ ಪೇಪರಿನಲ್ಲಿ ಫೋಟೋ ಬರುತ್ತದೆಂದು ಸೆರಗು ಸರಿಮಾಡಿಕೊಂಡಿದ್ದೆ. ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಗಾಡಿ ಮಧ್ಯಾಹ್ನಕ್ಕೆ ಬದಲಾಯಿತು. ಊಟದ ಹೊತ್ತಿಗೆ ಬಂದು ನಿಲ್ಲುತ್ತದೆ, ಮಂದಿ ದಬದಬ ಇಳಿದು ರಸ್ತೆ ದಾಟಿ ನನ್ನ ಖಾನಾವಳಿಗೆ ನುಗ್ಗುತ್ತಾರೆ. ಹೊರಗಿನವರು ನೋಡಿ, ತಮಗೆ ಬೇಕಾದದ್ದನ್ನು ತಾವೇ ಕೇಳುತ್ತಾರೆ. "ಏ ಅಕ್ಕಾ, ಇನ್ನೊಂದು ರೊಟ್ಟಿ ತಾ", "ನಂಗ ಚಟ್ನಿ ಹಾಕು", "ನಂಗ ನೀರು ಕೊಡು". ನಮ್ಮೂರ ಹೆಂಗಸರು ಅದನ್ನು ಕೇಳಲೆಂದೇ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ನಾನು ಹೊಸ ಬೆಂಚು ಹಾಕಿಸಿದೆ, ರೊಟ್ಟಿ ಬಡಿಯಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡೆ.

ಮೊದಲ ಗುರುವಾರ ಮಹಾನಂದಾ ಕೆಂಪು ದಡಿಯ ಸೀರೆ ಉಟ್ಟು ಬಸ್ ಸ್ಟ್ಯಾಂಡಿಗೆ ಹೊರಟಳು. ಟಿಕೆಟ್ ಕೇಳಲು ನಾನೂ ಹೋದೆ. ಸಂಜೆ ಬಂದವಳು, "ಬಾಗಿಲಾ ಹಾಕಿದ್ರು" ಎಂದಳು. ಮುಂದಿನ ಗುರುವಾರವೂ ಹೋದಳು, ಅಂದೂ ಬಾಗಿಲು ಹಾಕಿತ್ತು. "ಒಳಗಿನ ಪೋಲೀಸ್ ಒಬ್ಬಾಂವ ಹೇಳಿದ. ಶಿವಪುತ್ರ ಅಲ್ಲಿ ಬಂದು ಕುಂತು ಹಾದಿ ನೋಡಿ ಹೋದನಂತ. ಅವ್ವ ಸತ್ತಾಳೇನು ಅಂತ ಕೇಳಿದನಂತ" ಎಂದಳು. ಹಿಂದಿನ ದಿನವೇ ಹೋಗಿ ಉಳಿಯೋಣವೆಂದರೆ ಪರಊರಲ್ಲಿ ಆಕೆಗಾಗಿ ಜಾಗ ಕೇಳುವವರಿಲ್ಲ. ಆಮೇಲೆ ಹೋಗುವುದನ್ನು ಬಿಟ್ಟಳು. ಆದರೆ ದಿನಾ ಸಂಜೆ ನನ್ನ ಹತ್ತಿರ ಬರುವುದನ್ನು ಬಿಡಲಿಲ್ಲ. ಶೆಟ್ಟರ ಅಂಗಡಿಗೆ ಹೋಗಿ, ನನಗೆ ಈಗ ಎರಡು ಪಟ್ಟು ಬೇಕಾಗುವ ಜೋಳ, ಎಣ್ಣೆ, ಬೇಳೆ ಎಲ್ಲವನ್ನೂ ಕೇಳಿ ತಂದುಕೊಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ ಆಕೆ.

ಒಂದು ಸಂಜೆ ತಾಳಲಾರದೆ, ಆಕೆಯ ಕೈ ಹಿಡಿದುಕೊಂಡು ಬಾಯಿ ತೆರೆದೆ. ತಪ್ಪಾಯಿತು, ಕ್ಷಮಿಸು ಎನ್ನಬೇಕು. ನಾಲಿಗೆ ಅಂಗುಳಕ್ಕೆ ಹೋಗಿ ಕೂತಿತು. ಬ್ಯಾ ಬ್ಯಾ ಎಂದೆ, ಕಣ್ಣಲ್ಲಿ ನೀರು ಬಂತು, ಮಾತು ಮಾತ್ರ ಬರಲಿಲ್ಲ. ಮಹಾನಂದಾ ನನ್ನ ಕೈ ಬಿಡಿಸಿಕೊಂಡು, "ಎಣ್ಣಿ ಡಬ್ಬಿ ಮುಚ್ಚು, ಇರವಿ ಬೀಳತಾವ" ಎಂದು ಹೊರಟುಹೋದಳು.

ಮಾತು ಬೇಡ, ಕೆಲಸ ಮಾಡಿ ತೋರಿಸೋಣ ಎಂದುಕೊಂಡು ಎಂ.ಪಿ.ಗೆ ಮತ್ತೆ ಬರೆಯಲು ಕೂತೆ. ಈ ಸಲ ಜೈಲು ಅಂತಲೇ ಬರೆಯುತ್ತೇನೆ, ಕೊಲೆ ಅಂತಲೇ ಬರೆಯುತ್ತೇನೆ, ಯಾರು ಏನಾದರೂ ಅನ್ನಲಿ. "ನನ್ನ ಬಾಯಿಜೋಡಿ" ಎಂಬಲ್ಲಿಗೆ ಪೆನ್ನು ನಿಂತಿತು. ಝಾಡಿಸಿದೆ, ಬಾಯಿಂದ ಊದಿದೆ. ಪಕ್ಕದಲ್ಲಿ "ಅಂದಾನಪ್ಪ ಶೆಟ್ಟರಿಗೆ ಹೊಸ ತಕ್ಕಡಿ ಕೊಡಿಸಿರಿ" ಎಂದು ಬರೆದು ನೋಡಿದರೆ ಚೆನ್ನಾಗಿ ಓಡಿತು. ತಿರುಗಿ ಮಹಾನಂದಾಳ ಹೆಸರಿಗೆ ಬಂದರೆ ಮತ್ತೆ ನಿಂತಿತು. ಅಯ್ಯೋ, ಬೇರೆಯವರಿಗಾಗಿ ಕೇಳುವುದಕ್ಕೂ ತಡೆಯೇ ಎಂದು ಗಾಬರಿಯಾದೆ. ಆಮೇಲೆ ನಿಧಾನಕ್ಕೆ ತಿಳಿಯಿತು. ನಾನು ಬೇಡುತ್ತಿದ್ದುದು ಮಹಾನಂದಾಳಿಗೆ ರೈಲನ್ನಲ್ಲ, ನನಗೆ ನೆಮ್ಮದಿಯನ್ನು. ಗಾಡಿ ಬರಲಿ, ಆಕೆ ಹೋಗಲಿ, ಆಕೆಯ ಮುಂದೆ ನಾನು ಮತ್ತೆ ಒಳ್ಳೆಯವಳಾಗಲಿ ಎಂಬ ಆಸೆ ಅದು. ಜನ ಮೋಸ ಹೋಗಬಹುದು, ನಮ್ಮೂರಲ್ಲಿ ಪೆನ್ನು ಮೋಸ ಹೋಗುವುದಿಲ್ಲ.

ಗದಿಗೆಪ್ಪ ಮಾಸ್ತರರ ಮನೆಗೆ ಹೋದೆ. "ಮಹಾನಂದಾನ ಸಲುವಾಗಿ ಯಾರಾದ್ರೂ ಬರೀಬೇಕಲ್ರೀ ಮಾಸ್ತರ" ಎಂದೆ. ಅಷ್ಟು ಹೇಳಲು ಬಂತು.

ಮಾಸ್ತರರು ಓದುತ್ತಿದ್ದ ಪೇಪರ್ ಮಡಚಿಟ್ಟರು. "ಆಕಿ ಬಾಯಿಜೋಡಿ ನೀ ಜೀವಂತ ಇರಬೇಕಾದ್ರ ನಾ ಹೆಂಗ ಬರೀಲಿ, ಸುಗಂಧಾ? ಮುರಿದುಬಿಡ್ತೀರೇನು ಜೋಡಿ?" ಎಂದರು. ನಾನು ಇಲ್ಲವೆಂದು ತಲೆ ಆಡಿಸಿದೆ. ಅವರು ದನಿ ತಗ್ಗಿಸಿದರು. "ಅವತ್ತು ನಂಗೂ ಗೊತ್ತಿತ್ತವ್ವಾ. ಅಲ್ಲಿ ಕುಂತ ಎಲ್ಲಾರಿಗೂ ಗೊತ್ತಿತ್ತು. ಹಾರಾ ಹಾಕೂಮುಂದ ನಾ ನಿನ್ನ ಮಾರಿ ನೋಡಲಿಲ್ಲ."

"ನನ್ನ ಕಡಿಂದ ಆಕಿಗೆ..." ಎಂದು ಶುರುಮಾಡಿದೆ, ನಾಲಿಗೆ ಮುಂದೆ ಹೋಗಲಿಲ್ಲ.

ಅವರಿಗೆ ತಿಳಿಯಿತು. "ನಿನ್ನ ಕಡಿಂದ ಕ್ಷಮಾ ಕೇಳಾಕ ಬರೂದು ಒಬ್ಬಾಕಿಗೆ" ಎಂದರು. "ನಾ ಶೆಟ್ಟಿ ಸಲುವಾಗಿ ಹೋಗ್ತೀನಿ. ನಿನ್ನ ಸಲುವಾಗಿ ಹೋಗಬೇಕಾದಾಕಿ ಮಹಾನಂದಾ."

ಎಂಥ ಗತಿ ನನ್ನದು! ಯಾರಿಗೆ ಅನ್ಯಾಯ ಮಾಡಿದೆನೋ ಆಕೆಯೇ ನನಗಾಗಿ ಹೋಗಿ ಬೇಡಬೇಕು, ಬೇಡಿ ಬಾ ಎಂದು ನಾನು ಆಕೆಗೆ ಹೇಳುವಂತೆಯೂ ಇಲ್ಲ.

ಮಾಸ್ತರರು ಹೇಳಿದರೋ, ನನ್ನ ಮುಖ ನೋಡಿಯೇ ಅರ್ಥವಾಯಿತೋ, ಆ ಗುರುವಾರ ಮಹಾನಂದಾ ಖಾನಾವಳಿಗೆ ಬಂದಳು. ಮಧ್ಯಾಹ್ನ, ಗಾಡಿ ಬಂದು ನಿಂತ ಹೊತ್ತು. ಬೆಂಚುಗಳೆಲ್ಲ ತುಂಬಿದ್ದವು, ಬಾಗಿಲ ಹತ್ತಿರದ ಒಂದು ಮೂಲೆ ಮಾತ್ರ ಖಾಲಿ ಇತ್ತು. ಆಕೆ ಕೆಂಪು ದಡಿಯ ಸೀರೆ ಉಟ್ಟಿದ್ದಳು. ಎಲ್ಲಿಗೂ ಹೋಗುವುದಿಲ್ಲವೆಂದು ಗೊತ್ತಿದ್ದೂ ಉಟ್ಟಿದ್ದಳು. ಆ ಖಾಲಿ ಜಾಗದ ಮುಂದೆ ನಿಂತು, ಸೆರಗು ಹೊದ್ದು, ಯಾರೋ ಕೂತಿದ್ದಾರೆ ಎನ್ನುವ ಹಾಗೆ ಹೇಳಿದಳು.

"ಮಹಾನಂದಾ, ನಾ ಸುಗಂಧಾನ ಕಡಿಂದ ಬಂದೀನಿ. ಆಕಿಂದು ತಪ್ಪಾಗೈತಿ. ನಿನ್ನ ಸಲುವಾಗಿ ಬರೀಬೇಕಿತ್ತು, ಬರೀಲಿಲ್ಲ. 'ಬರದೀನಿ' ಅಂದಳು, ಅದೂ ಸುಳ್ಳು. ಎದ್ದು ನಿಂದರಬೇಕಿತ್ತು, ನಿಂದರಲಿಲ್ಲ. ಹೊಟ್ಟ್ಯಾಗ ಹಾಕ್ಕೋ ಅಂತ ಕೇಳಾಕತ್ತೀನಿ."

ಇಷ್ಟು ಹೇಳಿ ಆಕೆ ತಿರುಗಿ ಆ ಬೆಂಚಿನ ಮೇಲೆ ಕೂತಳು. ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ರಸ್ತೆಯಾಚೆ ನಿಂತ ಗಾಡಿಯನ್ನು ನೋಡುತ್ತ ಸುಮ್ಮನೆ ಕೂತಳು. ನಾನು ರೊಟ್ಟಿಯ ತಾಟು ಹಿಡಿದು ನಿಂತಲ್ಲೇ ನಿಂತೆ. ಊರಿನವರು ಕೈಯಲ್ಲಿದ್ದ ತುತ್ತನ್ನು ತಾಟಿಗೇ ಇಳಿಸಿದರು. ಹೊರಗಿನವರಿಗೆ ಏನೂ ತಿಳಿಯದೆ "ಅಕ್ಕಾ, ರೊಟ್ಟಿ! ಗಾಡಿ ಬಿಡತೈತಿ!" ಎಂದು ಕೂಗುತ್ತಿದ್ದರು. ಗಾಡಿ ಸೀಟಿ ಹಾಕಿತು, ಅವರು ಕೈ ತೊಳೆದು ಓಡಿದರು. ಗಾಡಿ ಹೊಳೆಯ ಕಡೆಗೆ ಹೋಯಿತು. ಅಲ್ಲಿಯವರೆಗೂ ಆಕೆ ಕೂತೇ ಇದ್ದಳು.

ಆಮೇಲೆ ಎದ್ದು ನನ್ನ ಹತ್ತಿರ ಬಂದಳು. "ಕೇಳೀನಿ" ಎಂದಳು. "ಆಕಿ ಏನೂ ಅನ್ನಲಿಲ್ಲ."

ನಾನು ಅಳುತ್ತಿದ್ದೆ. "ಅವತ್ತು ನೀನರ ಏಳಬಾರದಿತ್ತ? ಮಗನ ಸಲುವಾಗಿ ಅಂದಿದ್ರ ನಿನಗ ಬಾಯಿ ಬರತಿತ್ತಲ್ಲ" ಎಂದೆ.

"ಬರತಿತ್ತು" ಎಂದಳು. "ನೀ ಬಾಜೂಕ ಕುಂತಿದ್ದಿ. ಬಾಯಿಜೋಡಿ ಬಾಜೂಕ ಕುಂತಿರಬೇಕಾದ್ರ ನಾನ ಎದ್ದು ಕೇಳಿದ್ರ, ಸುಗಂಧಾ ಇದ್ದೂ ಸತ್ತಂಗ ಅಂತಿದ್ರು ಮಂದಿ. ನಿನ್ನ ಮಾನ ಹೋಗತಿತ್ತು. ಮತ್ತ... ನೀ ಏಳತಿ ಅಂತ ಮಾಡಿದ್ದೆ. ಚಪ್ಪಾಳಿ ಬೀಳೂ ಮಟಾ ನೀ ಏಳತಿ ಅಂತನ ಮಾಡಿದ್ದೆ."

ಆಕೆ ಹೋದಳು. ನಾನು ಎಂಜಲು ತಾಟುಗಳ ನಡುವೆಯೇ ಕೂತು ಕಾಗದ ತೆಗೆದೆ. ಪೆನ್ನು ಬರೆಯುತ್ತದೆಂಬ ನಂಬಿಕೆ ಇರಲಿಲ್ಲ. ಆದರೆ ಈಗ ಆ ಪತ್ರದಿಂದ ನನಗೆ ಸಿಗುವುದೇನೂ ಉಳಿದಿರಲಿಲ್ಲ. ಕ್ಷಮೆ ಕೇಳಿ ಆಗಿತ್ತು, ಸಿಕ್ಕಿರಲಿಲ್ಲ. ಗಾಡಿ ಬಂದರೂ ಆಕೆ ನನ್ನನ್ನು ಮೊದಲಿನಂತೆ ನೋಡುವಳೆಂದು ಹೇಳುವಂತಿರಲಿಲ್ಲ. "ನನ್ನ ಬಾಯಿಜೋಡಿ ಮಹಾನಂದಾ" ಎಂದು ಬರೆದೆ. ಪೆನ್ನು ಓಡಿತು. "ಆಕೆಯ ಮಗ ಶಿವಪುತ್ರ ಜಿಲ್ಲೆಯ ಜೈಲಿನಲ್ಲಿದ್ದಾನೆ. ಗುರುವಾರ ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಆಕೆಗೆ ಮಗನ ಮುಖ ಕಾಣುವುದಿಲ್ಲ. ಒಂದೇ ಗಾಡಿಗೆ ಹಣ ಇರುವುದಾದರೆ ಅದು ನಸುಕಿಗೇ ಬರಲಿ. ಮಧ್ಯಾಹ್ನದ ಗಾಡಿ ಯಾರ ಸಲುವಾಗಿ ತಂದಿರೋ ಆ ಸುಗಂಧಾ ನಾನೇ. ನೀವು ಕೇಳಿದ ದಿನ ನನಗೆ ಎಲ್ಲ ಗೊತ್ತಿತ್ತು." ಎಲ್ಲೂ ತಡೆಯಲಿಲ್ಲ. ಸಂಜೆ ಶೆಟ್ಟರ ಅಂಗಡಿಯ ಮುಂದೆ ಜನ ನೆರೆದಿದ್ದಾಗ ನಿಂತು ಗಟ್ಟಿಯಾಗಿ ಓದಿದೆ, ಜೈಲು ಎಂಬಲ್ಲಿ ದನಿ ತಗ್ಗಿಸಲಿಲ್ಲ. ಯಾರೂ ನನ್ನ ಮುಖ ನೋಡಲಿಲ್ಲ. ಗದಿಗೆಪ್ಪ ಮಾಸ್ತರರು ಒಳಗೆ ಹೋಗಿ ಕಾಗದ ತಂದು, ಶೆಟ್ಟರ ತಮ್ಮನ ಕೋರ್ಟಿನ ತಾರೀಕುಗಳ ಬಗ್ಗೆ ಬರೆಯತೊಡಗಿದರು.

ಈಗ ನಮ್ಮೂರಿನಿಂದ ದಿನವೂ ಎಂ.ಪಿ.ಗೆ ಪತ್ರಗಳು ಹೋಗುತ್ತಿವೆ, ನಾಚಿಕೆಯ ಸಂಗತಿಗಳೇ ಎಲ್ಲ. ಗಾಡಿ ಇನ್ನೂ ಮಧ್ಯಾಹ್ನಕ್ಕೇ ಬರುತ್ತದೆ, ಮಂದಿ ಇಳಿದು ಉಂಡು ಹೋಗುತ್ತಾರೆ, ನಾನು ಬಡಿಸುತ್ತೇನೆ. ಸಂಜೆ ಮಹಾನಂದಾ ಬರುತ್ತಾಳೆ. ಆಕೆ ನನಗೆ ಜೋಳ ಕೇಳುತ್ತಾಳೆ, ನಾನು ಆಕೆಗೆ ದಾರ ಕೇಳುತ್ತೇನೆ, ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಬರುತ್ತೇವೆ. ಉತ್ತರ ಬಂದಿಲ್ಲ. ಎಂ.ಪಿ.ಯದೂ ಇಲ್ಲ, ಆಕೆಯದೂ ಇಲ್ಲ.